ಕ್ಲೇಗೂ ಹಕ್ಕಿಗೂ ಒಂದೇ ಸೆಮಿ-ಆಟೋ ಬಂದೂಕು: ಯಾವುದು ತಗೊಳ್ಳಲಿ?

ಬಾಣೇರ್ ಹುಡ್ಗ
ಎಲ್ಲರಿಗೂ ನಮಸ್ಕಾರ. ಪುಣೆ ಆಫೀಸಿನಿಂದ ನನ್ನನ್ನ ಎಲ್-1 ವೀಸಾದಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾಗೆ ಕಳಿಸ್ತಿದ್ದಾರೆ. ವಿಮಾನದ ಬಿಡಿಭಾಗಗಳ ಕೆಲಸ, ಕೆಲವು ವರ್ಷ ಅಲ್ಲೇ ಇರಬೇಕು. ಅಲ್ಲಿನ ಸಹೋದ್ಯೋಗಿಗಳು ಶನಿವಾರ ಆದ್ರೆ ಕ್ಲೇ (ಗಾಳಿಗೆ ಹಾರಿಸೋ ಗುರಿತಟ್ಟೆ) ಹೊಡೆಯೋಕೆ ಹೋಗ್ತಾರೆ, ನವೆಂಬರ್ ಬಂದ್ರೆ ಫೆಸಂಟ್ ಹಕ್ಕಿ ಬೇಟೆಗೆ. ಈಗಲೇ ಬಾ ಬಾ ಅಂತಿದ್ದಾರೆ. ನಾನು ಬಾಲೇವಾಡಿಯಲ್ಲಿ 10 ಮೀಟರ್ ಏರ್ ರೈಫಲ್ ಹೊಡೆದವನು, ಶಾಟ್‌ಗನ್ ಅಭ್ಯಾಸ ಇಲ್ಲ.

ಎರಡಕ್ಕೂ ಆಗೋ ಒಂದೇ ಸೆಮಿ-ಆಟೋ (ಒಂದು ಈಡಿನ ನಂತರ ಮುಂದಿನ ತೋಟೆ ತಾನೇ ಏರೋದು), 12 ಬೋರ್, ತಗೊಳ್ಳೋಣ ಅಂತಿದ್ದೀನಿ. ಅವರು ಹೇಳ್ತಿರೋ ಹೆಸರುಗಳು ಬೆರೆಟಾ ಎ300 ಅಲ್ಟಿಮಾ, ಬೆನೆಲಿ ಎಂ2, ಸ್ಟೋಗರ್ ಎಂ3000. ತೋಟೆ ಏರಿಸೋ ಕ್ರಮದಲ್ಲಿ ಒಬ್ಬ ಗ್ಯಾಸ್ ಬಿಟ್ಟು ಬೇರೆ ಮುಟ್ಟಬೇಡ ಅಂತಾನೆ, ಇನ್ನೊಬ್ಬ ಇನರ್ಷಿಯಾನೇ ಬೇಕು ಅಂತಾನೆ. ನಳಿಗೆ 26 ಇಂಚೋ 28 ಇಂಚೋ? ನಾನು 5 ಅಡಿ 6 ಇಂಚು, ಮೈಕಟ್ಟು ಸಣ್ಣದು, ಒದೆತ ತಡ್ಕೊಳ್ಳೋದು ಹೇಗೆ ಅನ್ನೋದೂ ಪ್ರಶ್ನೆ. ಬಲ್ಲವರು ಹೇಳಿ.

ವಾನವಡಿ ಕರ್ನಲ್
ಮಗಾ, ಕಂಪನಿ ಹೆಸರು ಆಮೇಲೆ. ಮೊದಲು ನಿನ್ನ ಯಾವ ಕಣ್ಣು ಯಜಮಾನ ಅಂತ ನೋಡ್ಕೋ. ಎರಡೂ ಕಣ್ಣು ತೆರೆದು ದೂರದ ದೀಪದ ಕಡೆ ಬೆರಳು ತೋರಿಸು. ಈಗ ಎಡಗಣ್ಣು ಮುಚ್ಚು. ಬೆರಳು ದೀಪದ ಮೇಲೇ ನಿಂತಿದ್ರೆ ಬಲಗಣ್ಣು ಯಜಮಾನ. ಬೆರಳು ಪಕ್ಕಕ್ಕೆ ಜರುಗಿದ್ರೆ ಎಡಗಣ್ಣು. ಬಲಗೈಯವನಿಗೆ ಎಡಗಣ್ಣು ಯಜಮಾನ ಆಗಿದ್ರೆ ಎಷ್ಟು ದುಬಾರಿ ಕೋವಿ ಕೊಂಡ್ರೂ ಈಡು ಪಕ್ಕಕ್ಕೇ ಹೋಗುತ್ತೆ.

ಎರಡನೇದು, ಕೋವಿ ಮೈಗೆ ಒಗ್ಗಬೇಕು. ಶಾಟ್‌ಗನ್‌ಗೆ ಹಿಂದಿನ ಸೈಟ್ ಇಲ್ಲ, ನಿನ್ನ ಕಣ್ಣೇ ಹಿಂದಿನ ಸೈಟ್. ಕೆನ್ನೆ ಹಿಡಿಯ ಮೇಲೆ ಸ್ವಲ್ಪ ಎತ್ತರಕ್ಕೆ ಕೂತ್ರೆ ಚರೆ (ತೋಟೆಯೊಳಗಿನ ಸಣ್ಣ ಗುಂಡುಗಳು) ಮೇಲೆ ಹೋಗುತ್ತೆ, ತಗ್ಗಿಗೆ ಕೂತ್ರೆ ಕೆಳಗೆ. ಅಂಗಡಿಯಲ್ಲಿ ಖಾಲಿ ಕೋವಿ ಅಂತ ಖಾತ್ರಿ ಮಾಡ್ಕೊಂಡು, ಕಣ್ಣು ಮುಚ್ಚಿ ಹೆಗಲಿಗೆ ಏರಿಸಿ ಆಮೇಲೆ ಕಣ್ಣು ತೆರೆ. ನಳಿಗೆಯ ಮೇಲಿನ ಪಟ್ಟಿ ನೇರವಾಗಿ, ತುದಿಯ ಪುಟ್ಟ ಮಣಿ (ಬೀಡ್) ಮಧ್ಯದಲ್ಲಿ ಕಾಣಿಸಬೇಕು. ಕತ್ತು ಎಳೆದು, ಕೆನ್ನೆ ಸರಿಸಿ ಹೊಂದಿಸ್ಕೊಂಡ್ರೆ ಅದು ನಿನ್ನ ಕೋವಿ ಅಲ್ಲ.

ಇನ್ನೊಂದು ಮಾತು. ರೈಫಲ್‌ನವರು ಗುರಿ ಹಿಡಿದು ನಿಲ್ಲಿಸಿ ಕುದುರೆ (ಟ್ರಿಗರ್) ಒತ್ತೋರು. ಇಲ್ಲಿ ಬೀಡ್ ನೋಡೋಕೆ ಹೋದ ಕ್ಷಣ ನಳಿಗೆ ನಿಲ್ಲುತ್ತೆ, ಕ್ಲೇ ಮುಂದೆ ಹೋಗುತ್ತೆ, ಈಡು ಹಿಂದೆ. ಕಣ್ಣು ತಟ್ಟೆಯ ಮೇಲೇ ಇರ್ಲಿ.

ನನ್ನನ್ನ ಕೇಳಿದ್ರೆ ಸೆಮಿ-ಆಟೋ ಬೇಡ, ಒಂದರ ಮೇಲೊಂದು ಎರಡು ನಳಿಗೆ ಇರೋ ಓವರ್-ಅಂಡರ್ ತಗೋ.

ಡೊಂಬಿವಲಿ ಶೆಟ್ರು
ಕರ್ನಲ್ ಸಾಹೇಬ್ರೆ, ಕಣ್ಣಿನ ವಿಷಯ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಓವರ್-ಅಂಡರ್ ಹೇಳಿದ್ದು ಯಾಕೆ ಮಾರಾಯ್ರೆ? ಹುಡುಗ ಸಣ್ಣ ಮೈಯವ. ಒಂದು ಸಂಜೆಗೆ ನೂರು ತೋಟೆ ಹೊಡಿಲಿಕ್ಕೆ ಉಂಟು. ಒಳ್ಳೆ ಓವರ್-ಅಂಡರ್‌ನ ದುಡ್ಡಲ್ಲಿ ಎ300 ಬಂದು, ಮೇಲೆ ಮಿಕ್ಕಿದ್ದರಲ್ಲಿ ವರ್ಷದ ತೋಟೆ ಬರ್ತದೆ. ಹೊಸಬನಿಗೆ ಬೇಕಾದ್ದು ತೋಟೆ ಮತ್ತು ಕಲಿಸುವ ಜನ.

ಠಾಣೆ ರಿಟರ್ನ್
ನಾನು ಟೆಕ್ಸಾಸ್‌ನಲ್ಲಿ ಬಹಳ ವರ್ಷ ಇದ್ದು ಬಂದವನು. ಗನ್ ಆಯ್ಕೆಗೂ ಮೊದಲು ನಿಮ್ಮ ವೀಸಾ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೇ ಬರೀತಿದ್ದೀನಿ.

ಎಲ್-1, ಎಚ್-1ಬಿ ಇಂಥ ತಾತ್ಕಾಲಿಕ ಕೆಲಸದ ವೀಸಾದವರು ಅಲ್ಲಿ ಬಂದೂಕು ಇಟ್ಕೊಳ್ಳೋ ಹಾಗಿಲ್ಲ. ಇದು ಫೆಡರಲ್ ಕಾನೂನು, 1998ರಿಂದ. ಅದಕ್ಕೆ ಒಂದು ವಿನಾಯಿತಿ ಇದೆ: ಯಾವುದಾದ್ರೂ ರಾಜ್ಯದ ಚಾಲ್ತಿಯಲ್ಲಿರೋ ಬೇಟೆ ಪರವಾನಗಿ ಕೈಯಲ್ಲಿರಬೇಕು. ಆಗ ಕೊಳ್ಳಬಹುದು, ಇಟ್ಕೊಳ್ಳಬಹುದು. ಕ್ಲಬ್ಬಿನಲ್ಲಿ ಗೆಳೆಯನ ಬಂದೂಕು ಕೈಗೆ ತಗೊಂಡು ಒಂದು ಕ್ಲೇ ಹೊಡೆಯೋಕೂ ಇದೇ ನಿಯಮ, ಯಾಕಂದ್ರೆ ಕೈಯಲ್ಲಿ ಹಿಡಿದ್ರೂ ಅದು 'ಪೊಸೆಶನ್'. ತುಂಬಾ ಜನ ಭಾರತೀಯರು ಇದನ್ನ ತಿಳಿಯದೇ ರೇಂಜಿಗೆ ಹೋಗ್ತಾರೆ.

ಕಾನ್ಸಾಸ್‌ನಲ್ಲಿ ಬೇಟೆ ಪರವಾನಗಿಗೆ ಹಂಟರ್ ಎಜುಕೇಶನ್ ಕೋರ್ಸ್ ಆಗಿರಬೇಕು, 1957ರ ಜುಲೈ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆಲ್ಲ. ಇಳಿದ ತಕ್ಷಣ ಅದನ್ನ ಮುಗಿಸಿ. ಅಂಗಡಿಯಲ್ಲಿ 4473 ಅನ್ನೋ ಫಾರಂ ತುಂಬಿಸ್ತಾರೆ, ಪೌರತ್ವ, ವೀಸಾ ಎರಡರ ಬಗ್ಗೆಯೂ ಪ್ರಶ್ನೆ ಇರುತ್ತೆ. ಸುಳ್ಳು ಬರೆದ್ರೆ ಅದೇ ಅಪರಾಧ. ಪರವಾನಗಿ, ಐ-94 (ಅಮೆರಿಕ ಪ್ರವೇಶದ ದಾಖಲೆ), ವಿಳಾಸದ ದಾಖಲೆ ಎಲ್ಲ ಜೊತೆಗಿರಲಿ. ಮುಖ್ಯವಾಗಿ, ಪರವಾನಗಿಯ ಅವಧಿ ಮುಗಿಯೋಕೆ ಬಿಡಬೇಡಿ. ಅದು ಮುಗಿದ ದಿನ ಮನೆಯ ಕಪಾಟಿನಲ್ಲಿರೋ ಬಂದೂಕು ನಿಮ್ಮ ವೀಸಾಗೇ ಕುತ್ತು.

ಬಾಣೇರ್ ಹುಡ್ಗ
ಇದು ನನಗೆ ಯಾರೂ ಹೇಳಿರಲಿಲ್ಲ. ಅಲ್ಲಿನ ಗೆಳೆಯರಿಗೂ ಗೊತ್ತಿಲ್ಲ ಅನ್ಸುತ್ತೆ, ಅವರು "ಮೊದಲ ಶನಿವಾರವೇ ಬಾ, ನನ್ನ ಗನ್ ಇದೆ" ಅಂತಿದ್ದಾರೆ. ತುಂಬಾ ಧನ್ಯವಾದ ಸರ್.

ಪಣಜಿ ವಕೀಲ
ಠಾಣೆಯವರು ಹೇಳಿದ್ದು ಸರಿ. ಈ ಕಡೆಯ ಕಾನೂನೂ ಸೇರಿಸ್ತೀನಿ. ವಾಪಸ್ ಬರುವಾಗ ಆ ಸೆಮಿ-ಆಟೋ ತರೋ ಆಸೆ ಬಿಡಿ. ನಮ್ಮ ಆಯುಧ ನಿಯಮಗಳಲ್ಲಿ ಸೆಮಿ-ಆಟೋಮ್ಯಾಟಿಕ್ ಬಂದೂಕುಗಳು ಮೊದಲನೇ ವರ್ಗದಲ್ಲಿವೆ. ಜಿಲ್ಲಾಧಿಕಾರಿ ಅಥವಾ ಪೊಲೀಸ್ ಆಯುಕ್ತರು ಕೊಡೋ ಮಾಮೂಲಿ ಲೈಸೆನ್ಸಿನಲ್ಲಿ ಸೇರುವಂಥದ್ದಲ್ಲ. ಹೊರಡೋ ಮುಂಚೆ ಅಲ್ಲೇ ಡೀಲರ್ ಮೂಲಕ ಮಾರಿಬಿಡಿ.

ಇಲ್ಲಿ ಜೋಡುನಳಿಗೆಗೇ ಎಷ್ಟು ಕಾಗದಪತ್ರ ಅಂತ ಲೈಸೆನ್ಸ್ ಇರುವವರಿಗೆ ಗೊತ್ತು. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಲ್ಲಿ ಮೂರರ ಬದಲು ಎರಡೇ ಬಂದೂಕು. ಲೈಸೆನ್ಸ್ ಅವಧಿ ಮಾತ್ರ ಮೂರರಿಂದ ಐದು ವರ್ಷಕ್ಕೆ ಏರಿದೆ.

ವಾಸ್ಕೋ ಹುಬ್ಬಳ್ಳಿ
ಮತ್ತ ಚುನಾವಣಿ ಬಂತಂದ್ರ ಬಂದೂಕ ಪೊಲೀಸ್ ಠಾಣೆಗೆ ಒಯ್ದು ಇಡೂದು ಬ್ಯಾರೆ. ನಮ್ಮ ಚಿಗಪ್ಪ ಬೆಳಿ ಕಾಯಾಕ ಅಂತ ಲೈಸೆನ್ಸ್ ತಗೊಂಡಾರ. ಕಾಡಹಂದಿ ಹೊಲಕ್ಕ ಇಳಿಯೂ ಹೊತ್ತಿನ್ಯಾಗ ಬಂದೂಕ ಠಾಣೆದಾಗ ಇರತೈತಿ. ಪಂಚಾಯತಿ, ವಿಧಾನಸಭಾ, ಲೋಕಸಭಾ, ಒಂದು ಮುಗೀತಂದ್ರ ಇನ್ನೊಂದು. ರೈತಗ ಅದರಿಂದ ಭಾಳ ತೊಂದರಿ ಆಗೇತ್ರಿ, ಇದನ್ನ ಯಾರರೇ ಬರೀಬೇಕು.

ಚಿಂಚವಾಡ ಮೆಕ್ಯಾನಿಕಲ್
ಗ್ಯಾಸ್–ಇನರ್ಷಿಯಾ ಪ್ರಶ್ನೆಗೆ ಬರೋಣ. ಎಂಜಿನಿಯರ್ ಅಂದಮೇಲೆ ಒಳಗೆ ಏನಾಗುತ್ತೆ ಅಂತ ತಿಳ್ಕೊಂಡ್ರೆ ನೀವೇ ತೀರ್ಮಾನ ಮಾಡ್ತೀರಿ.

ಗ್ಯಾಸ್ ಬಂದೂಕಿನಲ್ಲಿ ನಳಿಗೆಗೆ ಸಣ್ಣ ತೂತುಗಳಿರುತ್ತವೆ. ಚರೆ ಆ ತೂತು ದಾಟಿದಾಗ ಸ್ವಲ್ಪ ಅನಿಲ ಅಲ್ಲಿಂದ ಹೊರಗೆ ಬಂದು ಪಿಸ್ಟನ್ ತಳ್ಳುತ್ತೆ, ಪಿಸ್ಟನ್ ಬೋಲ್ಟನ್ನ (ತೋಟೆಯ ಹಿಂದೆ ಬೀಗ ಹಾಕೋ ಭಾಗ) ಹಿಂದಕ್ಕೆ ಒಯ್ಯುತ್ತೆ, ಖಾಲಿ ತೋಟೆ ಹಾರಿ ಹೊಸದು ಏರುತ್ತೆ. ಭಾರಿ ತೋಟೆ ಹಾಕಿದ್ರೆ ಹೆಚ್ಚಾದ ಒತ್ತಡ ವಾಲ್ವಿನಿಂದ ಆಚೆ ಹೋಗುತ್ತೆ. ಬೆರೆಟಾ ಎ300, ಎ400, ರೆಮಿಂಗ್ಟನ್ 1100, ವಿಂಚೆಸ್ಟರ್ ಎಸ್‌ಎಕ್ಸ್4 ಈ ಜಾತಿ. 1963ರಲ್ಲಿ ಬಂದ 1100 ಇವತ್ತಿಗೂ ಕ್ಲೇ ಮೈದಾನದಲ್ಲಿ ಕಾಣಿಸೋದು ಅದರ ಮೆತ್ತನೆ ಒದೆತಕ್ಕೆ.

ಇನರ್ಷಿಯಾದಲ್ಲಿ ತೂತೂ ಇಲ್ಲ, ಪಿಸ್ಟನ್ನೂ ಇಲ್ಲ. ಬೋಲ್ಟ್ ಎರಡು ತುಂಡು, ನಡುವೆ ಬಿಗಿಯಾದ ಸ್ಪ್ರಿಂಗ್. ಬಂದೂಕು ಹಿಂದಕ್ಕೆ ಒದೆದಾಗ ಭಾರವಾದ ಬೋಲ್ಟ್ ದೇಹ ಇದ್ದಲ್ಲೇ ಇರೋಕೆ ನೋಡುತ್ತೆ, ಸ್ಪ್ರಿಂಗ್ ಒತ್ತುತ್ತೆ. ಆ ಸ್ಪ್ರಿಂಗ್ ಮರಳಿ ಚಿಮ್ಮಿದಾಗ ಬೋಲ್ಟ್ ತಲೆ ತಿರುಗಿ ಬೀಗ ಬಿಡುತ್ತೆ. 1967ರಲ್ಲಿ ಇಟಲಿಯ ಉರ್ಬಿನೋದಲ್ಲಿ ಶುರುವಾದ ಬೆನೆಲಿ ಈ ಕ್ರಮದಿಂದಲೇ ಹೆಸರು ಮಾಡಿದ್ದು. ಮಸಿ ಕಡಿಮೆ, ಭಾಗ ಕಡಿಮೆ, ಶುಚಿ ಮಾಡೋದು ಸುಲಭ.

ಆದರೆ ಇದರ ಷರತ್ತು ಇಷ್ಟೇ: ಬಂದೂಕು ಹಿಂದಕ್ಕೆ ಚಲಿಸಲೇಬೇಕು. 24 ಗ್ರಾಂನ ಮೆತ್ತನೆ ತೋಟೆ ಹಾಕಿದ್ರೆ, ಬಂದೂಕಿಗೆ ಭಾರ ಕಟ್ಟಿದ್ರೆ, ಹೆಗಲಿಗೆ ಸರಿಯಾಗಿ ಆನಿಸದೇ ಹೊಡೆದ್ರೆ ಬೋಲ್ಟ್ ಪೂರ್ತಿ ತಿರುಗದೇ ಇರಬಹುದು.

ಡೊಂಬಿವಲಿ ಶೆಟ್ರು
ಅಂದರೆ ಕ್ಲೇಗೆ ಗ್ಯಾಸ್ ಅಂತಲೇ ಆಯ್ತಲ್ಲ?

ಚಿಂಚವಾಡ ಮೆಕ್ಯಾನಿಕಲ್
ಕ್ಲೇ ಹೆಚ್ಚು, ಬೇಟೆ ಕಡಿಮೆ ಆದರೆ ಹೌದು.

ಠಾಣೆ ರಿಟರ್ನ್
ನಾನು ಒಪ್ಪಲ್ಲ. ಕಾನ್ಸಾಸ್ ಫೆಸಂಟ್ ಬೇಟೆ ಅಂದ್ರೆ ಕೂತು ಹೊಡೆಯೋದಲ್ಲ. ಜೋಳದ ಕೂಳೆ, ಎದೆಮಟ್ಟದ ಹುಲ್ಲು, ಬೆಳಗಿಂದ ಸಂಜೆವರೆಗೆ ನಡಿಗೆ. ಭಾರ ಹೊತ್ತು ನಡೆದ ಕೈ ಹಕ್ಕಿ ಎದ್ದಾಗ ತಡವಾಗಿ ಏಳುತ್ತೆ. ರೆಮಿಂಗ್ಟನ್ 1100 ಸುಮಾರು 3.6 ಕೆಜಿ. ಫ್ರಾಂಕಿ ಅಫಿನಿಟಿ 12 ಬೋರ್ ಮೂರು ಕೆಜಿ ಆಸುಪಾಸು, ಅದೂ ಇನರ್ಷಿಯಾ. ಹೊಲದಲ್ಲಿ ಅದರ ಬೆಲೆ ಗೊತ್ತಾಗುತ್ತೆ. ಧೂಳು, ಹುಲ್ಲುಬೀಜ, ಮಂಜು ಏನೇ ಬಿದ್ರೂ ಇನರ್ಷಿಯಾ ತಿರುಗುತ್ತೆ.

ಬೆನೆಲಿಯಲ್ಲಿ ಒಂದು ಸಂಗತಿ ಮಾತ್ರ ಗಮನಿಸಿ. ನಡೆಯುವಾಗ ಬೋಲ್ಟ್ ಹ್ಯಾಂಡಲ್ ಏನಕ್ಕಾದ್ರೂ ತಾಗಿ ಸ್ವಲ್ಪ ಹಿಂದೆ ಸರಿದ್ರೆ, ತಲೆ ಪೂರ್ತಿ ಬೀಗ ಹಾಕದೇ ಇರುತ್ತೆ. ಹಕ್ಕಿ ಎದ್ದಾಗ ಕುದುರೆ ಒತ್ತಿದ್ರೆ ಬರೀ 'ಕ್ಲಿಕ್'. ಬೇಟೆಗಾರರೆಲ್ಲ ಅದನ್ನ ಬೆನೆಲಿ ಕ್ಲಿಕ್ ಅಂತಲೇ ಕರೀತಾರೆ. ಆಗಾಗ ಹ್ಯಾಂಡಲ್ ಮುಂದಕ್ಕೆ ತಳ್ಳಿ ನೋಡೋ ಅಭ್ಯಾಸ ಬೇಕು.

ವಾನವಡಿ ಕರ್ನಲ್
ನೋಡಿ, ಇದೆಲ್ಲ ತಲೆನೋವು ಓವರ್-ಅಂಡರ್‌ನಲ್ಲಿ ಇಲ್ಲ. ಸುರಕ್ಷತೆ ದೃಷ್ಟಿಯಿಂದಲೂ ಹೇಳ್ತೀನಿ. ಮುರಿದ, ಅಂದ್ರೆ ನಡುವೆ ಬಾಗಿಸಿ ತೆರೆದ ಕೋವಿ ತೋಳಿನ ಮೇಲೆ ಇದ್ರೆ ಇಡೀ ಮೈದಾನಕ್ಕೆ ಅದು ಖಾಲಿ ಅಂತ ದೂರದಿಂದಲೇ ಕಾಣುತ್ತೆ. ಸೆಮಿ-ಆಟೋ ಬೋಲ್ಟ್ ತೆರೆದಿದೆಯೋ ಇಲ್ಲವೋ ಪಕ್ಕಕ್ಕೆ ಬಂದು ನೋಡಬೇಕು, ಮ್ಯಾಗಜಿನ್‌ನಲ್ಲಿ (ತೋಟೆ ತುಂಬೋ ಕೊಳವೆ) ತೋಟೆ ಉಳಿದಿದ್ರೆ ಅದೂ ಕಾಣಲ್ಲ. ಬೇಲಿ ದಾಟುವಾಗ, ಹಳ್ಳ ಇಳಿಯುವಾಗ ಓವರ್-ಅಂಡರ್ ಮುರಿದ್ರೆ ಮುಗೀತು. ಹೊಸಬನ ಕೈಗೆ ಮೊದಲು ಅದೇ ಸರಿ.

ವರಳಿ ಸ್ಕೀಟ್
ಕರ್ನಲ್ ಅಂಕಲ್, ಸುರಕ್ಷತೆ ಬಗ್ಗೆ ನೀವು ಹೇಳಿದ್ದು ನಿಜ, ಆದರೆ ಅದಕ್ಕೆ ಪರಿಹಾರವೂ ಇದೆ. ಬೋಲ್ಟ್ ತೆರೆದು ಚೇಂಬರಿನಲ್ಲಿ ಬಣ್ಣದ ಫ್ಲ್ಯಾಗ್ ಸಿಕ್ಕಿಸಬೇಕು, ತನ್ನ ಸರದಿ ಬಂದು ಜಾಗದಲ್ಲಿ ನಿಂತ ಮೇಲೆ ಮಾತ್ರ ತೋಟೆ ಹಾಕಬೇಕು. ಒಳ್ಳೆ ಕ್ಲಬ್ಬುಗಳಲ್ಲಿ ಇದು ಕಡ್ಡಾಯ.

ನಾನು ಸ್ಪರ್ಧೆಗೆ ಹೊಡೆಯೋಳು. ನಮ್ಮ ಮುಂಬೈನ ವರಳಿ ರೇಂಜು ರೈಫಲ್–ಪಿಸ್ತೂಲಿನದು, ಸ್ಕೀಟ್‌ಗಾಗಿ (ಕ್ಲೇ ಹೊಡೆಯೋ ಒಂದು ಸ್ಪರ್ಧೆ) ದೆಹಲಿಯ ತುಘಲಕಾಬಾದ್‌ನ ಕರ್ಣಿ ಸಿಂಗ್ ರೇಂಜಿಗೆ ಹೋಗ್ತೀನಿ. ಅಂತರರಾಷ್ಟ್ರೀಯ ನಿಯಮದಲ್ಲಿ ಸೆಮಿ-ಆಟೋಗೆ ಅವಕಾಶ ಇದೆ, ಪಂಪ್-ಆಕ್ಷನ್‌ಗೆ ಇಲ್ಲ. ಆದರೂ ಒಲಿಂಪಿಕ್ ಸಾಲಿನಲ್ಲಿ ಎಲ್ಲರ ಕೈಯಲ್ಲೂ ಓವರ್-ಅಂಡರ್ ಇರೋದಕ್ಕೆ ಕಾರಣ: ಎರಡು ನಳಿಗೆಗೆ ಎರಡು ಬೇರೆ ಚೋಕ್ (ಚರೆ ಹರಡೋದನ್ನ ಹಿಡಿತದಲ್ಲಿಡೋ ತುದಿಯ ಬಿಗಿ) ಹಾಕಬಹುದು, ತೋಟೆ ಪಕ್ಕದವರ ಮೇಲೆ ಹಾರಲ್ಲ, 24 ಗ್ರಾಂ ತೋಟೆಗೆ ಯಾವ ಯಂತ್ರವೂ ಕೈಕೊಡಲ್ಲ.

ಆದರೆ ಬಾಣೇರ್‌ನವರು ಒಲಿಂಪಿಕ್‌ಗೆ ಹೋಗ್ತಿಲ್ಲ. ಸಣ್ಣ ಮೈಯವರಿಗೆ, ಹೊಸಬರಿಗೆ ಗ್ಯಾಸ್ ಬಂದೂಕು ತುಂಬಾ ಒಳ್ಳೇದು. ಒದೆತಕ್ಕೆ ಹೆದರಿದವರು ಕುದುರೆ ಒತ್ತೋ ಮೊದಲೇ ಕಣ್ಣು ಮುಚ್ತಾರೆ, ತಲೆ ಎತ್ತುತ್ತಾರೆ. ಒಂದು ಸಲ ಆ ಚಾಳಿ ಹತ್ತಿದ್ರೆ ಬಿಡಿಸೋಕೆ ಕೋಚ್‌ಗಳು ತಿಂಗಳುಗಟ್ಟಲೆ ಒದ್ದಾಡ್ತಾರೆ.

ಕೋಥ್ರೂಡ್ ಎಡಗೈ
ಒದೆತ ಕಡಿಮೆ ಆಗುತ್ತೆ ಅನ್ನೋದು ನಿಜವಾ? ನ್ಯೂಟನ್ ನಿಯಮ ಬಂದೂಕು ನೋಡಿ ಬದಲಾಗಲ್ಲವಲ್ಲ.

ಚಿಂಚವಾಡ ಮೆಕ್ಯಾನಿಕಲ್
ಒಳ್ಳೆ ಪ್ರಶ್ನೆ. ಒಟ್ಟು ಆವೇಗ ಬದಲಾಗಲ್ಲ. 28 ಗ್ರಾಂ ಚರೆ ಸೆಕೆಂಡಿಗೆ 365 ಮೀಟರ್ ವೇಗದಲ್ಲಿ ಹೊರಟ್ರೆ ಚರೆಯ ಪಾಲಿನ ಆವೇಗವೇ ಸುಮಾರು 10 ಕೆಜಿ ಮೀಟರ್ ಪ್ರತಿ ಸೆಕೆಂಡ್. ವ್ಯಾಡ್ (ಚರೆಯ ಹಿಂದಿನ ಬಿರಡೆ), ಅನಿಲದ್ದು ಅದರ ಮೇಲೆ. ಅಷ್ಟೂ ಹೆಗಲಿಗೆ ಬರಲೇಬೇಕು. ಗ್ಯಾಸ್ ಬಂದೂಕು ಮಾಡೋದು ಅದನ್ನ ಹೆಚ್ಚು ಹೊತ್ತಿಗೆ ಹಂಚೋದು. ಹೊಡೆತದ ತುದಿ ಮೊಂಡಾಗುತ್ತೆ, ಹೆಗಲಿಗೆ ಗುದ್ದಿನ ಬದಲು ತಳ್ಳಿದ ಹಾಗೆ ಅನ್ಸುತ್ತೆ.

ಭಾರ ಮಾತ್ರ ನಿಜವಾಗಿ ಕೆಲಸ ಮಾಡುತ್ತೆ. ಅದೇ ಆವೇಗಕ್ಕೆ 3 ಕೆಜಿ ಬಂದೂಕಿನ ಒದೆತದ ಶಕ್ತಿ 3.6 ಕೆಜಿಯದಕ್ಕಿಂತ ಶೇ. 20ರಷ್ಟು ಹೆಚ್ಚು. ಠಾಣೆಯವರು ಹೊಲದಲ್ಲಿ ಉಳಿಸಿದ ಭಾರ ಕ್ಲೇ ಮೈದಾನದಲ್ಲಿ ಹೆಗಲಿಗೆ ಬೀಳುತ್ತೆ.

ಕೋಥ್ರೂಡ್ ಎಡಗೈ
ಈಗ ಅರ್ಥ ಆಯ್ತು. ಎಡಗೈಯವರಿಗೆ ಒಂದು ಮಾತು: ಮಾಮೂಲಿ ಸೆಮಿ-ಆಟೋದಲ್ಲಿ ಖಾಲಿ ತೋಟೆ ಬಲಕ್ಕೆ ಹಾರುತ್ತೆ, ಎಡ ಹೆಗಲಿನವರ ಕಣ್ಣಮುಂದೆಯೇ ಹಾದುಹೋಗುತ್ತೆ. ಬೆನೆಲಿ, ಬೆರೆಟಾ ಎರಡರಲ್ಲೂ ಎಡಗೈ ಮಾದರಿಗಳಿವೆ. ಯಜಮಾನ ಕಣ್ಣು ಎಡ ಅಂತ ಗೊತ್ತಾದ್ರೆ ಈಗಲೇ ಎಡ ಹೆಗಲಿಗೆ ಕಲಿಯಿರಿ, ಹೊಸಬರಿಗೆ ಮರೆಯಬೇಕಾದ ಹಳೇ ಚಾಳಿ ಇರಲ್ಲ.

ಮಾಹೀಮ್ ಹಕ್ಕಿಪ್ರಿಯೆ
ಇಷ್ಟು ಹೊತ್ತು ಓದಿದೆ. ಕ್ಲೇ ಹೊಡೀರಿ, ನನ್ನ ತಕರಾರಿಲ್ಲ. ಹಕ್ಕಿ ಯಾಕೆ? ನಮ್ಮ ದೇಶದಲ್ಲಿ ಗೌಜಲಹಕ್ಕಿ, ಲಾವುಗೆ ಕೂಡ ಹೊಡೆಯೋ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಸಣ್ಣ ಬೇಟೆಗೆ ಪರವಾನಗಿ ಉಳಿದಿತ್ತು, 1991ರ ತಿದ್ದುಪಡಿಯಲ್ಲಿ ಅದೂ ಹೋಯ್ತು. ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿತ್ತು. ಸೊಲ್ಲಾಪುರದ ನಾನ್ನಜ್‌ಗೆ ಹೋಗಿ ನೋಡಿ, ಹೆಬ್ಬಕದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹೆಸರಲ್ಲೇ ಅಭಯಾರಣ್ಯ ಇದೆ, ಹಕ್ಕಿ ಕಾಣೋದು ದುರ್ಲಭ. ಜೀಪಿನಲ್ಲಿ ಅಟ್ಟಿಸಿಕೊಂಡು ಹೋಗಿ ಹೊಡೆದ ಜನ, ಜೊತೆಗೆ ಹುಲ್ಲುಗಾವಲು ಹಾಳಾದದ್ದು, ಎರಡೂ ಸೇರಿ ಈ ಗತಿ ತಂದಿವೆ.

ಇಲ್ಲಿ ಮಾಡೋಕಾಗದ್ದನ್ನ ಅಲ್ಲಿಗೆ ಹೋಗಿ ಮಾಡ್ತೀವಿ ಅನ್ನೋದು ನನಗೆ ನೋವು ಕೊಡುತ್ತೆ.

ಠಾಣೆ ರಿಟರ್ನ್
ಅಕ್ಕಾ, ನಿಮ್ಮ ನೋವು ಅರ್ಥ ಆಗುತ್ತೆ. ಆದರೆ ಅಲ್ಲಿನ ವ್ಯವಸ್ಥೆ ಬೇರೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ಪ್ರತಿ ಶಾಟ್‌ಗನ್, ರೈಫಲ್, ತೋಟೆಯ ಮೇಲೆ ಶೇ. 11ರ ತೆರಿಗೆ ಇದೆ, ಅದು ಕೇಂದ್ರದ ಮೂಲಕ ರಾಜ್ಯಗಳ ವನ್ಯಜೀವಿ ಇಲಾಖೆಗೆ ಹೋಗುತ್ತೆ. ಕ್ಲೇ ಹೊಡೆಯೋನ ತೋಟೆಯೂ ಅದಕ್ಕೆ ಸೇರುತ್ತೆ. ಫೆಸಂಟ್ ಅಂತೂ ಆ ನೆಲದ್ದೇ ಅಲ್ಲ, 1880ರ ದಶಕದಲ್ಲಿ ಚೀನಾದಿಂದ ಒರೆಗಾನ್‌ಗೆ ತಂದು ಬಿಟ್ಟದ್ದು. ಕಾನ್ಸಾಸ್‌ನಲ್ಲಿ ಹುಂಜ ಮಾತ್ರ ಹೊಡೀಬಹುದು, ಒಬ್ಬನಿಗೆ ದಿನಕ್ಕೆ ನಾಲ್ಕು. ಹೆಣ್ಣು ಹೊಡೆದ್ರೆ ದಂಡ.

ಮಾಹೀಮ್ ಹಕ್ಕಿಪ್ರಿಯೆ
ತೆರಿಗೆಯ ವಿಷಯ ನನಗೆ ಗೊತ್ತು, ಒಪ್ಪುತ್ತೀನಿ. ಆದರೂ ಬೇಟೆಗಾರ ಕಳೆದ ಪ್ರತಿ ಸೀಸದ ಚರೆ ಮಣ್ಣಿನಲ್ಲೇ ಉಳಿಯುತ್ತೆ. ಬಾತುಕೋಳಿಗಳು ಅದನ್ನ ಕಲ್ಲುಹರಳು ಅಂತ ನುಂಗಿ ವಿಷವೇರಿ ಸಾಯ್ತಿದ್ದವು. ಅದಕ್ಕೇ ಅಲ್ಲಿ ನೀರುಹಕ್ಕಿ ಬೇಟೆಗೆ 1991ರಿಂದ ದೇಶದುದ್ದಕ್ಕೂ ಸೀಸ ನಿಷೇಧ. ಫೆಸಂಟ್‌ಗೆ ಕಾನೂನು ಕೇಳದಿದ್ರೂ ಸ್ಟೀಲ್ ಚರೆ ಹಾಕಿ ಅಂತ ಈ ಹುಡುಗನಿಗೆ ಕೇಳ್ಕೊಳ್ತೀನಿ.

ಮಾಟುಂಗಾ ಮೈಸೂರು
ಮಾತು ಹಕ್ಕಿಗೆ ಬಂದದ್ದಕ್ಕೆ ಹೇಳ್ತೀನಿ. ಸಲೀಂ ಅಲಿ ಅವರ ಹಕ್ಕಿ ಪಯಣ ಶುರುವಾದದ್ದೇ ಏರ್‌ಗನ್ನಿನಿಂದ. ಹುಡುಗನಾಗಿದ್ದಾಗ ಹೊಡೆದ ಗುಬ್ಬಿಯ ಕತ್ತು ಹಳದಿ ಇದ್ದದ್ದು ನೋಡಿ ಬಿಎನ್‌ಎಚ್‌ಎಸ್‌ಗೆ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ) ತಗೊಂಡು ಹೋದ್ರು. ಅಲ್ಲಿನ ಮಿಲಾರ್ಡ್ ಸಾಹೇಬ್ರು ಹಕ್ಕಿ ಗುರುತಿಸಿ, ಸಂಗ್ರಹ ತೋರಿಸಿ, ಪುಸ್ತಕ ಕೊಟ್ಟು ಹುಡುಗನಲ್ಲಿ ಆಸಕ್ತಿ ಬೆಳೆಸಿದ್ರು.

ಮಾಹೀಮ್ ಹಕ್ಕಿಪ್ರಿಯೆ
ಹೌದು. ಮುಂದೆ ಬದುಕಿಡೀ ಅವರು ಹಕ್ಕಿಗಳಿಗೇ ದುಡಿದದ್ದನ್ನೂ ಸೇರಿಸಿ ಹೇಳಿ.

ವಾಸ್ಕೋ ಹುಬ್ಬಳ್ಳಿ
ಕರ್ನಲ್ ಸಾಹೇಬ್ರ, ನೀವು ಕೊಡಗಿನವರ? ಕೋವಿ ಅಂದ್ರಿ, ಅದಕ್ಕ ಕೇಳಿದೆ. ನಿಮಗ ಲೈಸೆನ್ಸ್ ಬೇಕಾಗಂಗಿಲ್ಲಂತ ಖರೇ ಏನ್ರಿ?

ವಾನವಡಿ ಕರ್ನಲ್
ಹೌದು ತಮ್ಮಾ, ವಿರಾಜಪೇಟೆ ಕಡೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ವಿನಾಯಿತಿ ಇದೆ, ಬ್ರಿಟಿಷರ ಕಾಲದಿಂದ ಬಂದದ್ದು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ವಿನಾಯಿತಿ ಪತ್ರ ಮಾತ್ರ ಇಟ್ಕೊಳ್ಳಬೇಕು. ನಮಗೆ ಕೋವಿ ಮನೆಯ ದೇವರ ಕೋಣೆಗೆ ಸೇರಿದ್ದು. ಕೈಲ್‌ಪೊಳ್ದ್ ಹಬ್ಬದ ದಿನ ಹೂವಿಟ್ಟು ಪೂಜೆ, ಆಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಮಗು ಹುಟ್ಟಿದ್ರೂ ಈಡು, ಸಾವಾದ್ರೂ ಈಡು. ನಮ್ಮಲ್ಲಿ ಮಕ್ಕಳಿಗೆ ಮೊದಲು ಕಲಿಸೋದು ನಳಿಗೆಯ ಬಾಯಿ ಮನುಷ್ಯರ ಕಡೆ ತಿರುಗಬಾರದು ಅಂತ. ಹೊಡೆಯೋದು ಆಮೇಲೆ.

ನಿರ್ವಾಹಕ
ಎಲ್ಲರೂ ಚೆನ್ನಾಗಿ ಬರೀತಿದ್ದೀರಿ. ಬೇಟೆ ಬೇಕೋ ಬೇಡವೋ ಅನ್ನೋದಕ್ಕೆ ಬೇರೆ ಚರ್ಚೆ ತೆರೀಬಹುದು. ಇಲ್ಲಿ ಬಂದೂಕಿನ ಆಯ್ಕೆ.

ಬಾಣೇರ್ ಹುಡ್ಗ
ಕಣ್ಣಿನ ಪರೀಕ್ಷೆ ಮಾಡ್ಕೊಂಡೆ, ಬಲಗಣ್ಣೇ. ಮಾಹೀಮ್ ಅಕ್ಕನ ಮಾತನ್ನ ಮನಸ್ಸಿಗೆ ತಗೊಂಡಿದ್ದೀನಿ. ಸ್ಟೀಲ್ ಚರೆಗೆ ಈ ಬಂದೂಕುಗಳು ಆಗುತ್ತವಾ? ಚೋಕ್ ಯಾವುದು? ಕ್ಲೇಗೂ ಫೆಸಂಟ್‌ಗೂ ತೋಟೆ ಬೇರೆಯಾ?

ವರಳಿ ಸ್ಕೀಟ್
ಈಗಿನ ಎ300, ಎಂ2, ಎಂ3000 ಎಲ್ಲವೂ ಸ್ಟೀಲ್‌ಗೆ ಆಗುತ್ತವೆ. ಹಳೇ ಬಂದೂಕಿನ ಕೂರಿಸಿದ ಫುಲ್ ಚೋಕ್ ನಳಿಗೆಯಲ್ಲಿ ಸ್ಟೀಲ್ ಹೊಡೀಬಾರದು, ಸೀಸದ ಹಾಗೆ ಅದು ಅಮುಕಲ್ಲ, ನಳಿಗೆ ಉಬ್ಬುತ್ತೆ. ಚೋಕ್ ಮೇಲೆ ಸ್ಟೀಲ್‌ಗೆ ಆಗುತ್ತೋ ಇಲ್ಲವೋ ಅಂತ ಬರೆದಿರುತ್ತೆ, ನೋಡ್ಕೊಳ್ಳಿ.

ಚೋಕ್ ಅಂದ್ರೆ ನಳಿಗೆ ತುದಿಯ ಬಿಗಿ. 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಎಷ್ಟು ಚರೆ ಬೀಳುತ್ತೆ ಅನ್ನೋದು ಅಳತೆ. ಸಿಲಿಂಡರ್ ಅಂದ್ರೆ ಶೇ. 40, ಇಂಪ್ರೂವ್ಡ್ ಸಿಲಿಂಡರ್ 50, ಮಾಡಿಫೈಡ್ 60, ಫುಲ್ 70ರ ಆಸುಪಾಸು, ಸೀಸದ ಚರೆಗೆ. ಸ್ಟೀಲ್ ಗಟ್ಟಿ ಇರೋದ್ರಿಂದ ಒಂದು ಹೆಜ್ಜೆ ಸಡಿಲ ಚೋಕ್ ಸಾಕು. ಸ್ಕೀಟ್‌ಗೆ ಸಡಿಲ, ಟ್ರ್ಯಾಪ್‌ಗೆ (ಕ್ಲೇ ದೂರ ಸಾಗೋ ಸ್ಪರ್ಧೆ) ಬಿಗಿ, ನಿಮಗೆ ಶುರುವಿಗೆ ಇಂಪ್ರೂವ್ಡ್ ಸಿಲಿಂಡರ್ ಹಾಕಿ ಮರೆತುಬಿಡಿ. ಕ್ಲೇಗೆ 7½ ಅಥವಾ 8ನೇ ನಂಬರಿನ ಚರೆ, ಒಂದು ಔನ್ಸ್ ಸಾಕು. ಫೆಸಂಟ್‌ಗೆ ಸೀಸ ಆದ್ರೆ 5 ಅಥವಾ 6, ಸ್ಟೀಲ್ ಆದ್ರೆ ಹಗುರ ಇರೋದ್ರಿಂದ ಇನ್ನೂ ದಪ್ಪ ಚರೆ ಬೇಕು, 3ರ ತನಕ. ನಂಬರ್ ಇಳಿದಷ್ಟೂ ಚರೆ ದಪ್ಪ.

ಡೊಂಬಿವಲಿ ಶೆಟ್ರು
ಒಂದು ದೊಡ್ಡ ಎಚ್ಚರಿಕೆ ಯಾರೂ ಹೇಳಲಿಲ್ಲ. ಕ್ಲಬ್ಬಲ್ಲಿ 20 ಬೋರ್‌ನವರೂ ಇರ್ತಾರೆ. 20 ಬೋರ್ ತೋಟೆ ಹಳದಿ ಬಣ್ಣದ್ದು ಅಂತ ಪದ್ಧತಿ ಇರುವುದು ಸುಮ್ಮನೆ ಅಲ್ಲ. ಅದು 12ರದ್ದಕ್ಕಿಂತ ಸಣ್ಣದು, 12 ಬೋರ್‌ಗೆ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ತದೆ. ಖಾಲಿ ಅಂದುಕೊಂಡು ಹಿಂದಿಂದ 12ರ ತೋಟೆ ಹಾಕಿದರೆ ನಳಿಗೆ ಸಿಡಿದು ಕೈ ಹೋಗ್ತದೆ. ಜೇಬಿನಲ್ಲಿ ಎರಡು ಬಗೆಯ ತೋಟೆ ಯಾವತ್ತೂ ಇಡಬೇಡ ತಮ್ಮ.

ಠಾಣೆ ರಿಟರ್ನ್
ಶೆಟ್ರು ಹೇಳಿದ್ದು ಬಹಳ ಮುಖ್ಯ. ಕಿವಿಯದ್ದೂ ಸೇರಿಸಿ. 12 ಬೋರ್ ಸದ್ದು 140 ಡೆಸಿಬಲ್ ಮೀರುತ್ತೆ, ಒಂದೇ ಈಡು ಕಿವಿ ಕೆಡಿಸಬಹುದು. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ಹೊಲದಲ್ಲಿ ಕಿತ್ತಳೆ ಟೋಪಿ.

ಚಿಂಚವಾಡ ಮೆಕ್ಯಾನಿಕಲ್
ಬಂದೂಕಿಗೆ ವಾಪಸ್. ನೀವು ಹೇಳಿದ ಮೂರೂ ಒಂದೇ ಮನೆತನದವು ಗೊತ್ತಾ? ಬೆರೆಟಾ 1526ರಿಂದ ಇದೆ, ಬೆನೆಲಿ, ಸ್ಟೋಗರ್, ಫ್ರಾಂಕಿ ಎಲ್ಲ ಈಗ ಅದೇ ಗುಂಪು. ಸ್ಟೋಗರ್ ಎಂ3000 ಟರ್ಕಿಯಲ್ಲಿ ತಯಾರಾಗೋ ಇನರ್ಷಿಯಾ ಬಂದೂಕು, ಬೆಲೆ ಕಡಿಮೆ, ಆದರೆ ಹೊಸದರಲ್ಲಿ ಬಿಗಿ. ಮೊದಲು ಒಂದಷ್ಟು ಭಾರಿ ತೋಟೆ ಹೊಡೆದು ಪಳಗಿಸದೇ ಮೆತ್ತನೆ ಕ್ಲೇ ತೋಟೆ ಹಾಕಿದ್ರೆ ತಡೆಯುತ್ತೆ. ನಿಮ್ಮ ಮೈಕಟ್ಟಿಗೆ ಆ ಶುರುವಾತು ಸುಖದ್ದಲ್ಲ.

ನನ್ನ ಮತ ಎ300 ಅಲ್ಟಿಮಾ, 28 ಇಂಚು. 26 ಇಂಚು ಬೇಗ ತಿರುಗುತ್ತೆ, ಬೇಗ ನಿಂತೂಬಿಡುತ್ತೆ. ರೈಫಲ್‌ನಿಂದ ಬಂದವರಿಗೆ ಮುಂದೆ ಸ್ವಲ್ಪ ಭಾರ ಇದ್ರೆ ತೂಗು ನಿಲ್ಲಲ್ಲ. ಗ್ಯಾಸ್ ಬಂದೂಕಿಗೆ ಆರೈಕೆ ಬೇಕು: ಪಿಸ್ಟನ್, ತೂತುಗಳ ಮಸಿ ಆಗಾಗ ತೆಗೀಬೇಕು, ಎಣ್ಣೆ ತೆಳುವಾಗಿ ಸವರಬೇಕು. ಎಣ್ಣೆ ಸುರಿದ್ರೆ ಮಸಿ ಅಂಟಾಗಿ ಇನ್ನೂ ಕೆಡುತ್ತೆ.

ಠಾಣೆ ರಿಟರ್ನ್
ಫೆಸಂಟ್ ದಿನ ಆ ಭಾರ ಹೊತ್ತು ನಡೆದು ನೋಡಲಿ, ಆಗ ಅಫಿನಿಟಿ ನೆನಪಾಗುತ್ತೆ. ಆದರೂ ವರ್ಷದಲ್ಲಿ ಹೆಚ್ಚಿನ ಶನಿವಾರ ಕ್ಲೇ ಅಂತಾದ್ರೆ ಎ300ಗೆ ನನ್ನ ವಿರೋಧ ಇಲ್ಲ.

ವಾನವಡಿ ಕರ್ನಲ್
ಓವರ್-ಅಂಡರ್ ಬಗ್ಗೆ ನನ್ನ ಮಾತು ಹಿಂತೆಗೆಯಲ್ಲ. ಆದರೆ ಹುಡುಗ ಸೆಮಿ-ಆಟೋ ಅಂತಲೇ ನಿಂತ್ರೆ, ಅದರ ಜೊತೆ ಬರೋ ಶಿಮ್ ತಟ್ಟೆಗಳನ್ನ ಪೆಟ್ಟಿಗೆಯಲ್ಲೇ ಬಿಡಬೇಡ. ಹಿಡಿಯ ತಗ್ಗು, ವಾಲು ಎರಡನ್ನೂ ಅವುಗಳಿಂದ ಬದಲಿಸಬಹುದು. ದೊಡ್ಡ ಕಾಗದಕ್ಕೆ ಚುಕ್ಕೆ ಇಟ್ಟು 16 ಗಜದಿಂದ ಕೆಲವು ಈಡು ಹೊಡೆ, ಗುರಿ ಹಿಡಿಯದೇ, ಹೆಗಲಿಗೆ ಏರಿಸಿದ ಕೂಡಲೇ. ಚರೆಯ ರಾಶಿ ಎಲ್ಲಿ ಬೀಳುತ್ತೆ ನೋಡಿ ಶಿಮ್ ಬದಲಿಸು. ಅಲ್ಲಿನ ಅಂಗಡಿಯಲ್ಲಿ ಬಲ್ಲವರು ಇದ್ದೇ ಇರ್ತಾರೆ, ಕೇಳು.

ವರಳಿ ಸ್ಕೀಟ್
ಹೊರಡೋ ತನಕ ಸುಮ್ಮನೆ ಕೂರಬೇಡಿ. ಕೋಲು ಹಿಡಿದಾದ್ರೂ ಕನ್ನಡಿ ಮುಂದೆ ಹೆಗಲಿಗೆ ಏರಿಸೋ ಅಭ್ಯಾಸ ದಿನಾ ಮಾಡಿ. ತಲೆ ಕೋಲಿಗೆ ಇಳಿಯಬಾರದು, ಕೋಲು ಕೆನ್ನೆಗೆ ಬರಬೇಕು.

ಬಾಣೇರ್ ಹುಡ್ಗ
ತೀರ್ಮಾನ: ಮೊದಲು ಕೋರ್ಸು, ಆಮೇಲೆ ಬೇಟೆ ಪರವಾನಗಿ, ಅಲ್ಲಿ ತನಕ ಯಾರ ಬಂದೂಕನ್ನೂ ಮುಟ್ಟಲ್ಲ. ಮೊದಲ ವರ್ಷ ಕ್ಲೇ ಮಾತ್ರ. ಎ300, 28 ಇಂಚು, ಹೆಗಲಿಗೆ ಒಗ್ಗಿದ್ರೆ. ಒಗ್ಗದಿದ್ರೆ ಅಫಿನಿಟಿ ನೋಡ್ತೀನಿ. ಒಂದು ಕೊನೇ ಪ್ರಶ್ನೆ: ಮ್ಯಾಗಜಿನ್‌ನಲ್ಲಿ ಒಂದು ಕಡ್ಡಿ ಇರುತ್ತೆ, ಅದನ್ನ ತೆಗೀಬೇಕಾ?

ಠಾಣೆ ರಿಟರ್ನ್
ಅದು ಪ್ಲಗ್. ಬಂದೂಕಿನಲ್ಲಿ ಒಟ್ಟು ಮೂರೇ ತೋಟೆ ಹಿಡಿಸೋ ಹಾಗೆ ಮಾಡುತ್ತೆ. ಪಾರಿವಾಳ ಜಾತಿಯ ಡವ್, ಬಾತು ಇಂಥ ವಲಸೆ ಹಕ್ಕಿಗೆ ಫೆಡರಲ್ ನಿಯಮದ ಪ್ರಕಾರ ಅದು ಇರಲೇಬೇಕು. ಕ್ಲೇಯಲ್ಲಿ ಒಂದು ಸಲಕ್ಕೆ ಎರಡಕ್ಕಿಂತ ಹೆಚ್ಚು ತೋಟೆ ಹಾಕೋ ಹಾಗೇ ಇಲ್ಲ. ಹಾಗಾಗಿ ತೆಗೀಬೇಡಿ, ಅಲ್ಲೇ ಇರಲಿ. ವಾರ್ಡನ್ ಹೊಲದಲ್ಲಿ ನಿಲ್ಲಿಸಿ ಮೊದಲು ಪರೀಕ್ಷೆ ಮಾಡೋದೇ ಅದನ್ನ.